ಮಳೆಯ ಲೆಕ್ಕವೂ ಗಣಕಗಳ ಸಂದಣಿಯೂ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ನಾಗಲಮಡಿಕೆಯು ಉತ್ತರಪಿನಾಕಿನಿಯ ತೀರದಲ್ಲಿರುವ ಸುಬ್ರಹ್ಮಣ್ಯಕ್ಷೇತ್ರವು. ಕುಕ್ಕೆಯನ್ನು ಆದಿಯೆಂದೂ, ಘಾಟಿಯನ್ನು ಮಧ್ಯವೆಂದೂ, ಇದನ್ನು ಅಂತ್ಯವೆಂದೂ ಎಣಿಸುವ ವಾಡಿಕೆಯುಂಟು. ಈ ಕ್ಷೇತ್ರದ ಉತ್ಪತ್ತಿಯ ವಿಷಯವಾಗಿ ಆ ಸೀಮೆಯಲ್ಲಿ ಒಂದು ಐತಿಹ್ಯವು ಪ್ರಚಲಿತವಾಗಿದೆ. ಅನ್ನಂಭಟ್ಟನೆಂಬ ಭಕ್ತನು ಪ್ರತಿವರ್ಷವೂ ಕಾಲ್ನಡೆಯಿಂದ ಕುಕ್ಕೆಯ ರಥೋತ್ಸವಕ್ಕೆ ಹೋಗುತ್ತಿದ್ದನಂತೆ. ಒಂದು ವರ್ಷ ಅವನು ವೃದ್ಧಾಪ್ಯದ ದೆಸೆಯಿಂದ ಹೊತ್ತಿಗೆ ಸರಿಯಾಗಿ ತಲುಪಲಾರದೆ ಹೋಗಲು, ನೆರೆದವರೆಲ್ಲರೂ ಹಗ್ಗ ಹಿಡಿದೆಳೆದರೂ ತೇರು ಅಲುಗಲಿಲ್ಲವಂತೆ. ಅವನು ಬಂದು ಕೈಮುಗಿದ ಮೇಲೆಯೇ ಗಾಲಿ ಉರುಳಿತಂತೆ. ಬಳಿಕ ಸ್ವಾಮಿಯು ಭಕ್ತನ ಶ್ರಮವನ್ನು ನೋಡಲಾರದೆ ತಾನೇ ಪಿನಾಕಿನಿಯ ದಡಕ್ಕೆ ಬಂದು, ನೇಗಿಲ ಗೆರೆಯಲ್ಲಿ ನಾಗಶಿಲೆಯ ರೂಪದಿಂದ ತೋರಿಕೊಂಡನೆಂದು ಹೇಳುವರು.

ಐತಿಹ್ಯದ ಸತ್ಯಾಸತ್ಯವಿಚಾರವು ಹಾಗಿರಲಿ. ಅನೇಕರ ಬಲವು ಒಂದೆಡೆ ಕೂಡಿದ್ದರೂ ಬಾರದಿರುವ ಒಬ್ಬನಿಗಾಗಿ ಎಲ್ಲರೂ ಕಾದು ನಿಲ್ಲಬೇಕಾಗುವುದೆಂಬ ಅದರ ಸಂಗತಿಯೇ ಈಚಿನ ಕಾಲದ ಒಂದು ಶಾಸ್ತ್ರಕ್ಕೆ ಮುಖ್ಯ ಸಮಸ್ಯೆಯಾಗಿ ಪರಿಣಮಿಸಿದೆ. ಗಣಕಯಂತ್ರದಲ್ಲಿ ಲೆಕ್ಕವನ್ನು ಮಾಡತಕ್ಕ ಭಾಗಕ್ಕೆ ಪ್ರೊಸೆಸರು ಎಂದು ಹೆಸರು. ಹಲವು ಪ್ರೊಸೆಸರುಗಳನ್ನು ಒಂದೇ ಲೆಕ್ಕಕ್ಕೆ ತೊಡಗಿಸಿದಾಗ ಅವು ಒಂದಕ್ಕೊಂದು ಕಳುಹಿಸುವ ಸಂದೇಶಗಳು ದಾರಿಯಲ್ಲಿ ಕಿಕ್ಕಿರಿದು ನಿಲ್ಲುವುದೂ, ಆ ಸಂದಣಿಯನ್ನು ಬಿಡಿಸಲು ವಿದ್ವಾಂಸರು ಉಪಾಯಗಳನ್ನು ಹುಡುಕಿದುದೂ ಕಳೆದ ನಾಲ್ವತ್ತು ವರ್ಷಗಳ ಇತಿಹಾಸದಲ್ಲಿ ಒಂದು ಸ್ವಾರಸ್ಯವಾದ ಅಧ್ಯಾಯವು. ಆ ಅಧ್ಯಾಯದ ಒಂದು ಭಾಗವು ಬೆಂಗಳೂರಿನಲ್ಲಿ ನಡೆಯಿತು. ಅದರ ಪ್ರಯೋಜನವಾದರೋ ನಾಗಲಮಡಿಕೆಯಂತಹ ಮಳೆ ಕಡಮೆಯಾದ ಊರುಗಳ ಹೊಲಗಳಿಗೆ ಸಂಬಂಧಿಸಿದುದು.

ಪಾವಗಡದ ಸೀಮೆಯೂ ಅದನ್ನು ಸುತ್ತುವರಿದಿರುವ ಅನಂತಪುರದ ಸೀಮೆಯೂ ಮಳೆಯನ್ನೇ ನಂಬಿ ಕಡಲೆಕಾಯಿಯನ್ನು ಬೆಳೆಯುವ ಭೂಮಿ. ಬೀಜವು ಬೆಲೆಯುಳ್ಳದ್ದು, ಒಮ್ಮೆ ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಎರಡನೆಯ ಸಲ ಬಿತ್ತುವ ಶಕ್ತಿಯು ಎಷ್ಟೋ ಮನೆಗಳಿಗೆ ಇರುವುದಿಲ್ಲ. ಹದವಾದ ಒಂದು ಮಳೆ ಬಿದ್ದ ಮರುದಿನ ಬಿತ್ತಬೇಕೆ, ಮುಂದಿನ ಮಳೆಗೆ ಕಾಯಬೇಕೆ ಎಂಬ ಒಂದು ತೀರ್ಮಾನದಲ್ಲಿ ಆ ವರ್ಷದ ಜೀವನವೆಲ್ಲ ಅಡಗಿರುವುದು. ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಅವರು ಪಿ. ಆರ್. ಶೇಷಗಿರಿರಾವ್ ಮೊದಲಾದವರೊಡನೆ ಸೇರಿ, ದಕ್ಷಿಣಭಾರತದ ಮಳೆಯಾಧಾರದ ಕಡಲೆಕಾಯಿಯ ವಿಷಯವಾಗಿ ೨೦೦೨ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಹವಾಮಾನದ ತಿಳಿವಳಿಕೆಯನ್ನು ರೈತನ ಇಂತಹ ತೀರ್ಮಾನಗಳಿಗೆ ಹೇಗೆ ಉಪಯೋಗಿಸಬಹುದೆಂಬುದನ್ನು ಅನಂತಪುರದ ಸೀಮೆಯ ಉದಾಹರಣೆಯಿಂದ ವಿಚಾರಿಸಿರುವರು. ಮಳೆಯನ್ನು ಮುಂಗಂಡು ಹೇಳುವುದು ಕೇವಲ ಪಂಡಿತರ ಕುತೂಹಲವಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಮಳೆಯನ್ನು ಗಣಿತದಿಂದ ಮುಂಗಾಣಬಹುದೆಂಬ ಯೋಚನೆಯು ಹಳೆಯದು. ಇಂಗ್ಲೆಂಡಿನ ಲೂಯಿ ರಿಚರ್ಡ್‌ಸನ್ ಎಂಬ ವಿದ್ವಾಂಸನು ೧೯೨೨ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಒಂದು ವಿಚಿತ್ರವಾದ ಸಭಾಮಂದಿರವನ್ನು ಕಲ್ಪಿಸಿದನು. ಆಗ ಗಣಕಯಂತ್ರಗಳಿರಲಿಲ್ಲ. ಭೂಗೋಳದ ಚಿತ್ರವನ್ನು ಒಳಗೋಡೆಯ ಮೇಲೆ ಬರೆದ ಆ ಮಂದಿರದಲ್ಲಿ ೬೪,೦೦೦ ಮಂದಿ ಲೆಕ್ಕಿಗರು ಕುಳಿತು, ತಮ್ಮ ತಮ್ಮ ಪಾಲಿನ ಪ್ರದೇಶದ ಗಾಳಿ, ಒತ್ತಡ, ತೇವಗಳನ್ನು ಗುಣಿಸುತ್ತ ನೆರೆಯವರಿಗೆ ಫಲವನ್ನು ತಿಳಿಸುತ್ತಿರಬೇಕು. ನಡುವಿನ ಎತ್ತರವಾದ ಪೀಠದ ಮೇಲೆ ನಿಂತ ಮೇಲ್ವಿಚಾರಕನು ಮುಂದೆ ಓಡುತ್ತಿರುವವರ ಮೇಲೆ ಕೆಂಬೆಳಕನ್ನೂ ಹಿಂದುಳಿದವರ ಮೇಲೆ ನೀಲಿಬೆಳಕನ್ನೂ ಬಿಟ್ಟು ಎಲ್ಲರನ್ನೂ ಒಂದೇ ಗತಿಯಲ್ಲಿ ನಡೆಯಿಸಬೇಕು. ಒಬ್ಬನ ಫಲವು ಬಾರದೆ ನೆರೆಯವನು ಮುಂದಿನ ಹೆಜ್ಜೆಯನ್ನಿಡಲಾರನೆಂಬುದನ್ನು ರಿಚರ್ಡ್‌ಸನ್ನನು ಅಂದೇ ಕಂಡುಕೊಂಡಿದ್ದನು. ಅನ್ನಂಭಟ್ಟನಿಗಾಗಿ ನಿಂತ ತೇರಿನ ನ್ಯಾಯವು ಇದೇ ಅಲ್ಲವೆ?

ಅವನ ಕಲ್ಪನೆಯು ಯಂತ್ರರೂಪದಿಂದ ಕನ್ನಡನಾಡಿನಲ್ಲಿ ಮೈದಾಳಿದುದು ೧೯೮೬ರಲ್ಲಿ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯಕ್ಕೆ ೧೯೮೪ರಿಂದ ೧೯೯೩ರ ವರೆಗೆ ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದರು. ೨೦೨೦ರಲ್ಲಿ ಕಾಲವಾದ ಈ ವಿಜ್ಞಾನಿಯ ವಂಶದ ಮೂಲಸ್ಥಾನವಾದ ರೊದ್ದವು ನಾಗಲಮಡಿಕೆಯಂತೆಯೇ ಪಿನಾಕಿನಿಯ ದಡದ ಊರು. ಅವರ ತಂದೆ ಆರ್. ಎಲ್. ನರಸಿಂಹಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದು, ವಿಜ್ಞಾನವನ್ನು ಕನ್ನಡದಲ್ಲಿ ಬರೆದ ಮೊದಲಿಗರಲ್ಲಿ ಒಬ್ಬರೆನಿಸಿದರು. ವಿಮಾನದ ರೆಕ್ಕೆಯ ಸುತ್ತ ಗಾಳಿಯು ಹೇಗೆ ಹರಿಯುವುದೆಂಬುದನ್ನು ಗುಣಿಸಲು ದೊಡ್ಡ ಗಣಕಗಳು ಬೇಕಾಗಿದ್ದುವು. ಆದರೆ ಆ ಕಾಲದಲ್ಲಿ ಅಂತಹ ಯಂತ್ರಗಳನ್ನು ಮಾರುವ ವಿಷಯದಲ್ಲಿ ಅಮೆರಿಕಾ ಸರಕಾರವು ಬಹು ಬಿಗಿಯಾಗಿತ್ತು. ಭಾರತವು ಕೇಳಿದ ಕ್ರೇ ಯಂತ್ರಕ್ಕೆ ಬದಲಾಗಿ ದೀರ್ಘವಾದ ಮಾತುಕತೆಯ ಮೇಲೆ ಅದಕ್ಕಿಂತ ಚಿಕ್ಕದಾದ ಎಕ್ಸ್-ಎಂಪಿ ೧೪ ಎಂಬುದು ದೊರೆಯಿತು. ಅದೂ ದೆಹಲಿಯಲ್ಲಿ ಹವಾಮಾನದ ಕೆಲಸಕ್ಕೆಂದು ಕಟ್ಟುಪಾಡಿನೊಡನೆ. ಹೀಗಿರಲು ಯು. ಎನ್. ಸಿನ್ಹಾ ಅವರ ಮುಂದಾಳುತನದಲ್ಲಿ ವೈಮಾನಿಕ ಪ್ರಯೋಗಾಲಯದ ಒಂದು ಚಿಕ್ಕ ಗುಂಪು ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ಪ್ರೊಸೆಸರುಗಳನ್ನೇ ಕೂಡಿಸಿ ಸಮಾಂತರ ಗಣಕವೊಂದನ್ನು ಕಟ್ಟಲು ತೊಡಗಿತು. ಇಂಟೆಲ್ ೮೦೮೬ ಎಂಬ ನಾಲ್ಕು ಪ್ರೊಸೆಸರುಗಳಿಂದ ಕೂಡಿದ ಆ ಯಂತ್ರವು ೧೯೮೬ರ ಕೊನೆಗೆ ಕೆಲಸಕ್ಕೆ ಬಂದಿತು. ಪ್ರವಾಹದ ಸಮೀಕರಣಗಳನ್ನು ಬಿಡಿಸತಕ್ಕದ್ದಾದುದರಿಂದ ಅದಕ್ಕೆ ಫ್ಲೋಸಾಲ್ವರ್ ಎಂದು ಹೆಸರಿಟ್ಟರು. ಭಾರತದ ಮೊದಲ ಸಮಾಂತರ ಗಣಕಗಳಲ್ಲಿ ಇದು ಅಗ್ರಗಣ್ಯವು.

ನಾಲ್ವರು ಆಳುಗಳು ಒಂದು ಕೆಲಸವನ್ನು ಕಾಲುಭಾಗದ ಹೊತ್ತಿನಲ್ಲಿ ಮುಗಿಸುವರೆಂಬುದು ಪಾಠಶಾಲೆಯ ತ್ರೈರಾಶಿಕದ ಲೆಕ್ಕ. ಯಂತ್ರದಲ್ಲಿ ಈ ಲೆಕ್ಕವು ಹಾಗೆಯೇ ನಡೆಯುವುದಿಲ್ಲ. ನಾಲ್ಕು ಪ್ರೊಸೆಸರುಗಳು ಒಂದೇ ಮಾರ್ಗದಿಂದ ಮಾತಾಡಬೇಕಾದಾಗ ಒಂದು ಮಾತಾಡುತ್ತಿರುವಷ್ಟು ಹೊತ್ತೂ ಉಳಿದ ಮೂರು ಸುಮ್ಮನಿರಬೇಕು. ನಾಲ್ಕರಲ್ಲಿ ಇದನ್ನು ಸಹಿಸಬಹುದು. ನೂರಾದಾಗ ಲೆಕ್ಕ ಮಾಡುವ ಹೊತ್ತಿಗಿಂತ ಕಾಯುವ ಹೊತ್ತೇ ಹೆಚ್ಚಾಗಿ, ಹೊಸದಾಗಿ ಸೇರಿಸಿದ ಪ್ರೊಸೆಸರು ವೇಗವನ್ನು ಹೆಚ್ಚಿಸುವುದಕ್ಕೆ ಪ್ರತಿಯಾಗಿ ತಗ್ಗಿಸುವುದೂ ಉಂಟು. ಆದುದರಿಂದ ಒಂದೇ ಮಾರ್ಗವನ್ನು ಬಿಟ್ಟು, ಸ್ವಿಚ್ಚುಗಳೆಂಬ ಕೂಡುದಾರಿಗಳಿಂದ ಹೆಣೆದ ಜಾಲಗಳನ್ನು ಕಟ್ಟಬೇಕಾಯಿತು. ಕ್ಯಾಲಿಫೋರ್ನಿಯಾದಲ್ಲಿ ಚಾರ್ಲ್ಸ್ ಸೀಟ್ಜ್ ಎಂಬ ವಿದ್ವಾಂಸನ ಗುಂಪು ೬೪ ಪ್ರೊಸೆಸರುಗಳನ್ನು ಕೂಡಿಸಿ ಕಟ್ಟಿದ ಕಾಸ್ಮಿಕ್ ಕ್ಯೂಬ್ ಎಂಬ ಯಂತ್ರವು ೧೯೮೩ರಲ್ಲಿ ನಡೆಯತೊಡಗಿತ್ತು.

ಜಾಲವನ್ನು ಹೆಣೆದ ಮಾತ್ರಕ್ಕೆ ಸಂದಣಿಯು ತಪ್ಪಲಿಲ್ಲ. ಐ.ಬಿ.ಎಂ. ಸಂಸ್ಥೆಯ ಗ್ರೆಗರಿ ಫಿಸ್ಟರ್ ಮತ್ತು ಅಲನ್ ನಾರ್ಟನ್ ಎಂಬಿಬ್ಬರು ೧೯೮೫ರಲ್ಲಿ ಪ್ರಕಟಿಸಿದ ಲೇಖನವು ಇದರ ಮರ್ಮವನ್ನು ಬಯಲಿಗೆ ತಂದಿತು. ಸಾವಿರ ಪ್ರೊಸೆಸರುಗಳೂ ಸಾವಿರ ಉಗ್ರಾಣಗಳೂ ಇವೆಯೆಂದು ಭಾವಿಸತಕ್ಕದ್ದು. ಎಲ್ಲರ ಬೇಡಿಕೆಯೂ ಎಲ್ಲ ಉಗ್ರಾಣಗಳ ಮೇಲೆ ಸಮನಾಗಿ ಹಂಚಿದ್ದರೆ ತೊಂದರೆಯಿಲ್ಲ. ಆದರೆ ಪ್ರತಿಯೊಬ್ಬನೂ ನೂರರಲ್ಲಿ ಒಂದೇ ಒಂದು ಬೇಡಿಕೆಯನ್ನು ಒಂದು ಗೊತ್ತಾದ ಉಗ್ರಾಣಕ್ಕೆ ಕಳುಹಿಸಿದನೆನ್ನೋಣ. ಆಗ ಆ ಉಗ್ರಾಣದ ಬಾಗಿಲಿಗೆ ಉಳಿದುವುಗಳಿಗಿಂತ ಸುಮಾರು ಹನ್ನೊಂದು ಪಾಲು ಬೇಡಿಕೆಗಳು ಬಂದು ಸೇರುವುವು. ಯಾರೂ ತಮ್ಮ ಕೆಲಸವನ್ನು ಮುಂದುವರಿಸಲಾರದೆ ಯಂತ್ರದ ಒಟ್ಟು ಸಂಚಾರವು ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿದುಹೋಗುವುದು. ನೂರರಲ್ಲಿ ಒಂದರ ತಪ್ಪಿಗೆ ಇಷ್ಟು ದೊಡ್ಡ ದಂಡ!

ಇದಕ್ಕಿಂತಲೂ ವಿಷಾದಕರವಾದುದು ಮತ್ತೊಂದುಂಟು. ಜಾತ್ರೆಯ ದಿನ ಗರ್ಭಗುಡಿಯ ಬಾಗಿಲಿಗೆ ನಿಂತ ಸಾಲು ಪ್ರಾಕಾರವನ್ನು ತುಂಬಿ, ರಾಜಬೀದಿಯನ್ನು ತುಂಬಿ, ಅಡ್ಡಬೀದಿಗಳಿಗೂ ಹಬ್ಬಿದರೆ, ದೇವಸ್ಥಾನಕ್ಕೆ ಬಾರದೆ ಸುಮ್ಮನೆ ಸಂತೆಗೆ ಹೋಗತಕ್ಕವನೂ ದಾರಿಯಿಲ್ಲದೆ ನಿಲ್ಲಬೇಕಾಗುವುದು. ಗಣಕಜಾಲದಲ್ಲಿಯೂ ಹಾಗೆಯೇ. ಒಂದು ಉಗ್ರಾಣದ ಮುಂದಿನ ಸ್ವಿಚ್ಚು ತುಂಬಿದೊಡನೆ ಅದರ ಹಿಂದಿನವು ತುಂಬುವುವು. ಅವುಗಳ ಹಿಂದಿನವೂ ತುಂಬುವುವು. ಬುಡದಿಂದ ಕೊಂಬೆಗಳಿಗೆ ಮರವು ಕವಲೊಡೆಯುವಂತೆ ಈ ಅಡಚಣೆಯು ಹಬ್ಬಿ, ಆ ಉಗ್ರಾಣದ ಸಂಬಂಧವೇ ಇಲ್ಲದ ಸಂದೇಶಗಳನ್ನೂ ಕಟ್ಟಿಹಾಕುವುದು.

ಊರೂರುಗಳ ನಡುವಣ ಜಾಲದಲ್ಲಿಯೂ ಇದೇ ರೋಗವು ಆ ಕಾಲದಲ್ಲಿಯೇ ಕಾಣಿಸಿಕೊಂಡಿತು. ೧೯೮೬ರ ಅಕ್ಟೋಬರಿನಲ್ಲಿ ಅಮೆರಿಕಾದ ಬರ್ಕ್ಲಿಯಲ್ಲಿ ಕೇವಲ ನಾನ್ನೂರು ಗಜ ಅಂತರದ ಎರಡು ಸ್ಥಾನಗಳ ನಡುವೆ ಸೆಕೆಂಡಿಗೆ ೩೨,೦೦೦ ಬಿಟ್ಟುಗಳಂತೆ ನಡೆಯುತ್ತಿದ್ದ ಸಂಚಾರವು ೪೦ಕ್ಕೆ ಇಳಿಯಿತು. ತಲುಪದ ಪತ್ರವನ್ನು ಪ್ರತಿಯೊಬ್ಬನೂ ಮತ್ತೆ ಮತ್ತೆ ಕಳುಹಿಸುತ್ತಿದ್ದುದೇ ಇದಕ್ಕೆ ಕಾರಣವು. ವ್ಯಾನ್ ಜೇಕಬ್‌ಸನ್ ಎಂಬ ತಜ್ಞನು ೧೯೮೮ರಲ್ಲಿ ಇದಕ್ಕೆ ಪರಿಹಾರವನ್ನು ತೋರಿಸಿದನು: ಪತ್ರ ಕಳೆದುಹೋದುದು ತಿಳಿದೊಡನೆ ಕಳುಹಿಸುವವನು ತನ್ನ ಕೈಯನ್ನು ಬಿಗಿಹಿಡಿದು, ಅನಂತರ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸತಕ್ಕದ್ದು. ಇಂಟರ್ನೆಟ್ಟು ಇಂದಿಗೂ ಬಹುಮಟ್ಟಿಗೆ ಈ ಸಂಯಮದಿಂದಲೇ ಉಳಿದಿದೆ.

ಆದರೆ ಯಂತ್ರದ ಒಳಗಣ ಜಾಲಕ್ಕೂ ಊರುಗಳ ನಡುವಣ ಜಾಲಕ್ಕೂ ಒಂದು ಭೇದವಿದೆ. ಹೊರಗಿನ ಜಾಲದಲ್ಲಿ ಜಾಗವಿಲ್ಲದಿದ್ದರೆ ಪತ್ರವನ್ನು ಬಿಸಾಡುವರು. ಒಳಗಿನ ಜಾಲದಲ್ಲಿ ಸಾಮಾನ್ಯವಾಗಿ ಬಿಸಾಡುವ ಪದ್ಧತಿಯಿಲ್ಲ. ಮುಂದಿನ ಸ್ವಿಚ್ಚಿನಲ್ಲಿ ಎಡೆಯಿದೆಯೆಂದು ತಿಳಿದಲ್ಲದೆ ಹಿಂದಿನದು ಸಂದೇಶವನ್ನು ಬಿಡುವುದಿಲ್ಲ. ಇದರಿಂದ ಯಾವುದೂ ಕಳೆಯುವುದಿಲ್ಲವೆಂಬುದು ಲಾಭ. ನಿಂತ ಸಂದೇಶವು ದಾರಿಯನ್ನು ಹಿಡಿದುಕೊಂಡೇ ನಿಲ್ಲುವುದೆಂಬುದು ನಷ್ಟ. ನಾಲ್ಕು ಗಾಡಿಗಳು ಚೌಕದಲ್ಲಿ ಒಂದಕ್ಕೊಂದು ಅಡ್ಡವಾಗಿ ಸಿಕ್ಕಿಕೊಂಡರೆ ಹೇಗೆ ಯಾವುದೂ ಕದಲಲಾರದೋ, ಹಾಗೆ ಇಡೀ ಯಂತ್ರವೇ ಸ್ತಬ್ಧವಾಗುವ ಭಯವೂ ಉಂಟು. ವಿಲಿಯಂ ಡ್ಯಾಲಿ ಮತ್ತು ಸೀಟ್ಜ್ ಅವರು ೧೯೮೭ರಲ್ಲಿ ಇದಕ್ಕೊಂದು ನಿಯಮವನ್ನು ಹೇಳಿದರು. ಮಾರ್ಗಗಳಿಗೆಲ್ಲ ಕ್ರಮಸಂಖ್ಯೆಯನ್ನು ಕೊಟ್ಟು, ಸಂದೇಶವು ಸದಾ ಒಂದೇ ಕ್ರಮದಲ್ಲಿ ಅವುಗಳನ್ನು ಹಾಯ್ದು ಹೋಗುವಂತೆ ವಿಧಿಸಿದರೆ, ಸುತ್ತಿ ಬಂದು ತನ್ನನ್ನೇ ಕಟ್ಟುವ ಗಂಟು ಎಂದಿಗೂ ಬೀಳದು.

ಸಂದಣಿಯನ್ನು ತಪ್ಪಿಸುವ ಇನ್ನೊಂದು ಉಪಾಯವನ್ನು ಲೆಸ್ಲಿ ವೇಲಿಯಂಟ್ ಎಂಬ ಗಣಿತಜ್ಞನು ೧೯೮೨ರಲ್ಲಿ ಪ್ರಕಟಿಸಿದನು. ಅದು ಕೇಳುವವರಿಗೆ ವಿಪರೀತವಾಗಿ ತೋರುವುದು. ಸಂದೇಶವು ನೇರವಾಗಿ ಗುರಿಗೆ ಹೋಗದೆ, ಚೀಟಿಯೆತ್ತಿದಂತೆ ಯಾವುದಾದರೊಂದು ಮಧ್ಯದ ಸ್ಥಾನಕ್ಕೆ ಮೊದಲು ಹೋಗಿ, ಅಲ್ಲಿಂದ ಗುರಿಗೆ ತಿರುಗಬೇಕು. ಹಾದಿಯು ಇಮ್ಮಡಿಯಾದರೂ, ಎಲ್ಲರೂ ಒಂದೇ ಹೆದ್ದಾರಿಗೆ ಬೀಳುವ ಸಂಭವವು ಅಳಿಯುವುದು. ಹತ್ತಿರದ ದಾರಿಯೇ ಶೀಘ್ರವಾದ ದಾರಿಯೆಂಬ ನಂಬಿಕೆಯು ಸಂದಣಿಯ ದಿನ ಸುಳ್ಳಾಗುವುದೆಂದು ಇದರಿಂದ ಸಿದ್ಧವಾಯಿತು.

ಈ ಉಪಾಯಗಳೆಲ್ಲವೂ ಬೇರೆ ಬೇರೆ ಗುರಿಗಳಿಗೆ ಹೋಗುವ ಸಂದೇಶಗಳಿಗೆ ಒಪ್ಪುವುವು. ಎಲ್ಲ ಸಂದೇಶಗಳೂ ಒಂದೇ ಗುರಿಗೆ ಹೊರಟಿದ್ದರೆ ಮಾಡತಕ್ಕದ್ದೇನು? ಮಳೆಯ ಲೆಕ್ಕದಲ್ಲಿ ಬರುವುದು ಈ ತೊಡಕೇ ಆಗಿದೆ. ೧೯೯೦ರ ದಶಕದ ಮೊದಲ ಭಾಗದಲ್ಲಿ ಬೆಂಗಳೂರಿನ ಗುಂಪು ದೆಹಲಿಯ ಹವಾಮಾನ ಕೇಂದ್ರದವರು ಉಪಯೋಗಿಸುತ್ತಿದ್ದ ಟಿ-೮೦ ಎಂಬ ಮಾದರಿಯನ್ನು ಫ್ಲೋಸಾಲ್ವರಿಗೆ ಒಗ್ಗಿಸುವ ಕೆಲಸವನ್ನು ಕೈಕೊಂಡಿತು. ಈ ಮಾದರಿಯಲ್ಲಿ ಭೂಮಿಯ ಅಕ್ಷಾಂಶವೃತ್ತಗಳನ್ನು ಪ್ರೊಸೆಸರುಗಳಿಗೆ ಹಂಚಿಕೊಡುವರು. ಪ್ರತಿಯೊಂದೂ ತನ್ನ ಪಾಲಿನ ವೃತ್ತಗಳ ಮೇಲಣ ಗಾಳಿಯನ್ನೂ ಉಷ್ಣವನ್ನೂ ಅಲೆಗಳ ರೂಪಕ್ಕೆ ಒಡೆಯುವುದು. ಆದರೆ ಇಡೀ ಭೂಮಂಡಲಕ್ಕೆ ಸಲ್ಲುವ ಅಲೆಯ ಪ್ರಮಾಣವನ್ನು ಪಡೆಯಬೇಕಾದರೆ ಎಲ್ಲ ವೃತ್ತಗಳಿಂದಲೂ ಬಂದ ಪಾಲುಗಳನ್ನು ಕೂಡಬೇಕು. ಕೂಡಿದ ಮೊತ್ತವನ್ನು ಮತ್ತೆ ಎಲ್ಲಕ್ಕೂ ಹಂಚಬೇಕು. ಇದು ಒಂದು ಸಲದ ಕೆಲಸವಲ್ಲ, ಮುಂಗಾಣುವ ಕಾಲದ ಪ್ರತಿಯೊಂದು ಹೆಜ್ಜೆಯಲ್ಲಿಯೂ ಆಗಬೇಕಾದುದು. ಎಲ್ಲರೂ ಏಕಕಾಲದಲ್ಲಿ ಲೆಕ್ಕವನ್ನು ಮುಗಿಸಿ ಏಕಕಾಲದಲ್ಲಿ ಒಂದೇ ಬಾಗಿಲಿಗೆ ಬರುವರಾದುದರಿಂದ, ಫಿಸ್ಟರನು ಕಂಡ ಸಂದಣಿಯು ಇಲ್ಲಿ ಆಕಸ್ಮಿಕವಲ್ಲ, ನಿತ್ಯನಿಯಮವು.

ಇದಕ್ಕೆ ಸಿನ್ಹಾ ಅವರ ಗುಂಪು ಕಂಡುಕೊಂಡ ಪರಿಹಾರವು ಫ್ಲೋಸ್ವಿಚ್ ಎಂಬುದು. ಸಾಮಾನ್ಯವಾದ ಸ್ವಿಚ್ಚು ಅಂಚೆಯವನಂತೆ. ಬಂದ ಲಕೋಟೆಯನ್ನು ಒಡೆಯದೆ ಮುಂದಕ್ಕೆ ಸಾಗಿಸುವುದಷ್ಟೇ ಅದರ ಕೆಲಸ. ಫ್ಲೋಸ್ವಿಚ್ಚಾದರೋ ಸಂದೇಶಗಳನ್ನು ಸಾಗಿಸುವುದರೊಡನೆ ಅವುಗಳೊಳಗಿನ ಅಂಕೆಗಳ ಮೇಲೆ ತಾನೇ ಲೆಕ್ಕವನ್ನೂ ಮಾಡುವುದು. ಹಲವು ಕಡೆಗಳಿಂದ ಬಂದ ಪಾಲುಗಳನ್ನು ಕೂಡುದಾರಿಯಲ್ಲಿಯೇ ಕೂಡಿ, ಮೊತ್ತವನ್ನು ಮಾತ್ರ ಮುಂದಕ್ಕೆ ಬಿಡುವುದು. ಉತ್ಸವಕ್ಕೆ ಪ್ರತಿಯೊಂದು ಮನೆಯವರೂ ತಮ್ಮ ಕಾಣಿಕೆಯನ್ನು ತಾವೇ ಕೊಂಡೊಯ್ದು ಬಾಗಿಲಲ್ಲಿ ನಿಲ್ಲುವುದಕ್ಕೂ, ಬೀದಿಗೊಬ್ಬರು ಕೂಡಿಸಿ ಒಂದೇ ತಟ್ಟೆಯಲ್ಲಿ ಒಪ್ಪಿಸುವುದಕ್ಕೂ ಇರುವ ಭೇದವೇ ಇದು. ಲೆಕ್ಕದಿಂದ ಹೇಳುವುದಾದರೆ, ೧೨೮ ಪ್ರೊಸೆಸರುಗಳಲ್ಲಿ ೧೨೭ ಒಂದಕ್ಕೇ ಸಂದೇಶ ಕಳುಹಿಸಿದರೆ ಅದು ೧೨೭ ಸಂದೇಶಗಳನ್ನು ಒಂದಾದ ಮೇಲೊಂದರಂತೆ ಬಿಚ್ಚಿ ನೋಡಬೇಕು. ಎರಡೆರಡಾಗಿ ಕೂಡುತ್ತ ಬಂದರೆ ೬೪, ೩೨, ೧೬, ೮, ೪, ೨, ೧ ಎಂದು ಏಳೇ ಹೆಜ್ಜೆಗಳಲ್ಲಿ ಮುಗಿಯುವುದು.

ಕೂಡುದಾರಿಯಲ್ಲಿ ಸಂದೇಶಗಳನ್ನು ಒಂದುಗೂಡಿಸುವ ಯೋಚನೆಯು ಬೆಂಗಳೂರಿನಲ್ಲಿಯೇ ಮೊದಲು ಹುಟ್ಟಿತೆಂದು ಹೇಳುವುದು ನ್ಯಾಯವಾಗದು. ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಅಲ್ಟ್ರಾಕಂಪ್ಯೂಟರ್ ಎಂಬ ಯೋಜನೆಯವರು ೧೯೮೩ರಲ್ಲಿಯೇ ಇದನ್ನು ವಿವರಿಸಿದ್ದರು. ಬೆಂಗಳೂರಿನವರ ಹೆಚ್ಚಳವು ಬೇರೊಂದರಲ್ಲಿದೆ. ಕೊಳ್ಳಲು ದೊರೆಯದ ಯಂತ್ರಕ್ಕಾಗಿ ಹಲುಬುತ್ತ ಕೂಡದೆ, ಅಗ್ಗದ ಪ್ರೊಸೆಸರುಗಳನ್ನೇ ಹಿಡಿದು, ಮಳೆಯ ಲೆಕ್ಕಕ್ಕೆ ಯಾವ ಬಗೆಯ ಸಂಭಾಷಣೆ ಬೇಕೆಂಬುದನ್ನು ಮೊದಲು ಅರಿತು, ಆ ಸಂಭಾಷಣೆಗೆ ತಕ್ಕ ದಾರಿಯನ್ನು ಅವರು ಕಟ್ಟಿದರು. ಬೆಲೆಯುಳ್ಳ ಪ್ರೊಸೆಸರಿಗಿಂತ ಬುದ್ಧಿಯುಳ್ಳ ಕೂಡುದಾರಿಯು ಮೇಲೆಂದು ತೋರಿಸಿದುದು ಅವರ ಕೆಲಸದ ಸಾರವು. ಟಿ-೮೦ ಮಾದರಿಯನ್ನು ಹೊಸದಾಗಿ ಬರೆದು ಸುಧಾರಿಸಿದ ಅವರ ಹವಾಮಾನದ ಮಾದರಿಗೆ ‘ವರ್ಷಾ’ ಎಂದು ಹೆಸರಾಯಿತು. ಕೂಡುದಾರಿಯಲ್ಲಿಯೇ ಕೂಡುವ ಈ ತತ್ತ್ವವು ಅನಂತರದ ಕಾಲದಲ್ಲಿ ವ್ಯಾಪಾರದ ಸ್ವಿಚ್ಚುಗಳಿಗೂ ಪ್ರವೇಶಿಸಿತು; ಮೆಲ್ಲನಾಕ್ಸ್ ಸಂಸ್ಥೆಯು ೨೦೧೬ರಲ್ಲಿ ಶಾರ್ಪ್ ಎಂಬ ಹೆಸರಿನಿಂದ ಇಂತಹ ಏರ್ಪಾಡನ್ನು ಹೊರತಂದಿತು.

ಬೆಂಗಳೂರಿನಲ್ಲಿ ಈ ವಿದ್ಯೆಯು ಮುಂದೆಯೂ ಬೆಳೆಯಿತು. ಪುಣೆಯಲ್ಲಿ ೧೯೮೮ರಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯು ಮೊದಲ ಪರಮ್ ಯಂತ್ರವನ್ನು ೧೯೯೧ರಲ್ಲಿ ಹೊರತಂದು, ೨೦೦೩ರಲ್ಲಿ ಪರಮ್ ಪದ್ಮವೆಂಬುದನ್ನು ಬೆಂಗಳೂರಿನಲ್ಲಿಯೇ ನೆಲೆಗೊಳಿಸಿತು. ಪರಮ್‌ನೆಟ್ ಎಂಬ ಅದರ ಒಳಜಾಲವನ್ನೂ ಆ ಸಂಸ್ಥೆಯವರೇ ನಿರ್ಮಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೨೦೧೫ರಲ್ಲಿ ನೆಲಸಿದ ಸಹಸ್ರಟಿ ಎಂಬುದು ಕ್ರೇ ಸಂಸ್ಥೆಯ ಎಕ್ಸ್‌ಸಿ ೪೦ ಜಾತಿಯ ಯಂತ್ರವು. ಮೂವತ್ತು ವರ್ಷಗಳ ಹಿಂದೆ ಅಷ್ಟು ಹಟದಿಂದ ತಡೆಹಿಡಿದ ಹೆಸರು ಹೀಗೆ ಬೆಂಗಳೂರಿನ ಅಂಗಳಕ್ಕೇ ಬಂದಿತು. ಆ ಜಾತಿಯ ಯಂತ್ರದ ಜಾಲದಲ್ಲಿ ನೇರವಾದ ದಾರಿಯು ಕಿಕ್ಕಿರಿದಿರುವಾಗ ಸಂದೇಶವು ತಾನಾಗಿ ಬಳಸುದಾರಿಯನ್ನು ಹಿಡಿಯುವುದು. ವೇಲಿಯಂಟನು ೧೯೮೨ರಲ್ಲಿ ಹೇಳಿದ ತತ್ತ್ವವೇ ಅಲ್ಲಿ ಬೇಕಾದಾಗ ಮಾತ್ರ ಉಪಯೋಗಿಸುವ ಔಷಧದಂತೆ ಅಳವಟ್ಟಿದೆ. ೨೦೨೨ರಲ್ಲಿ ಅದೇ ಸಂಸ್ಥೆಯಲ್ಲಿ ಸೆಕೆಂಡಿಗೆ ೩೩ ಲಕ್ಷ ಕೋಟಿಗಳ ನೂರರಷ್ಟು ಗುಣಿತಗಳ, ಎಂದರೆ ೩.೩ ಪೆಟಾಫ್ಲಾಪ್ ಶಕ್ತಿಯ, ಪರಮ್ ಪ್ರವೇಗವು ಸ್ಥಾಪಿತವಾಯಿತು.

ಈಗ ಪಿನಾಕಿನಿಯ ದಡದ ಪ್ರಶ್ನೆಗೆ ಹಿಂದಿರುಗಬಹುದು. ಟಿ-೮೦ ಮಾದರಿಯಲ್ಲಿ ಭೂಮಿಯನ್ನು ಹಾಸಂಗಿಯ ಮನೆಗಳಂತೆ ಸುಮಾರು ೧೫೦ ಕಿಲೋಮೀಟರ್ ಅಗಲದ ಚೌಕಗಳಾಗಿ ವಿಂಗಡಿಸುತ್ತಿದ್ದರು. ಬೆಂಗಳೂರಿಗೂ ಪಾವಗಡಕ್ಕೂ ಹೆಚ್ಚು ಕಡಮೆ ಒಂದೇ ಮನೆ, ಒಂದೇ ಮಳೆ. ಈ ಎರಡು ಊರುಗಳ ಆಕಾಶದಲ್ಲಿರುವ ಅಂತರವನ್ನು ಬಲ್ಲವರಿಗೆ ಆ ಲೆಕ್ಕವು ಎಷ್ಟರ ಮಟ್ಟಿಗೆ ಪ್ರಯೋಜನಕ್ಕೆ ಬರುತ್ತಿದ್ದೀತೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಸಿದ್ಧಪಡಿಸಿ ೨೦೨೫ರ ಮೇ ತಿಂಗಳಲ್ಲಿ ಬಳಕೆಗೆ ತಂದ ಭಾರತ್ ಫೋರ್ಕಾಸ್ಟ್ ಸಿಸ್ಟಂ ಎಂಬುದರಲ್ಲಿ ಚೌಕದ ಅಗಲವು ೬ ಕಿಲೋಮೀಟರುಗಳಿಗೆ ಇಳಿದಿದೆ. ೨೦೨೪ರಲ್ಲಿ ಅಲ್ಲಿ ನೆಲೆಗೊಂಡ ಅರ್ಕವೆಂಬ ಯಂತ್ರವು ಇದಕ್ಕೆ ಆಧಾರವು. ಅಗಲವು ಇಪ್ಪತ್ತೈದನೆಯ ಒಂದು ಪಾಲಾದರೆ ಚೌಕಗಳ ಸಂಖ್ಯೆಯು ೬೨೫ ಮಡಿಯಾಗುವುದು. ಅಷ್ಟು ಚೌಕಗಳೂ ಹೆಜ್ಜೆಹೆಜ್ಜೆಗೆ ತಮ್ಮ ನೆರೆಯವರೊಡನೆ ಮಾತಾಡಬೇಕು. ಹಿಂದುಳಿದ ಒಂದಕ್ಕಾಗಿ ಉಳಿದುವೆಲ್ಲ ಕಾಯಬೇಕು. ಪ್ರೊಸೆಸರುಗಳ ಸಂಖ್ಯೆಯನ್ನು ಹೆಚ್ಚಿಸಿದಷ್ಟೂ ದಾರಿಯ ನಯವೇ ಮುಖ್ಯವಾಗುವುದೆಂದು ಫ್ಲೋಸಾಲ್ವರಿನ ನಾಲ್ಕು ಪ್ರೊಸೆಸರುಗಳು ಕಲಿಸಿದ ಪಾಠವು ಇಲ್ಲಿ ಹಿಂದಿಗಿಂತ ನಿಜವಾಗಿದೆ.

ಆರು ಕಿಲೋಮೀಟರಿನ ಚೌಕದಲ್ಲಿ ನಾಗಲಮಡಿಕೆಯೂ ಅದರ ಸುತ್ತಣ ಹೊಲಗಳೂ ಬೆಂಗಳೂರಿನಿಂದ ಬೇರೆಯಾದ ಒಂದು ಎಡೆಯನ್ನು ಪಡೆದಿವೆ. ಯಂತ್ರವು ಹೇಳಿದ ಮಳೆಯು ಹೇಳಿದ ಹೊಲದಲ್ಲಿಯೇ ಬೀಳುವುದೆಂಬ ಭರವಸೆಯನ್ನು ಯಾವ ಶಾಸ್ತ್ರಜ್ಞನೂ ಕೊಡಲಾರನು. ಆದರೆ ಆ ಮಾತು ಪ್ರಯೋಜನಕ್ಕೆ ಬರಬೇಕಾದರೆ ಮಳೆಗಿಂತ ಮುಂಚೆ ಬರಬೇಕು. ನಾಳೆಯ ಲೆಕ್ಕವು ನಾಡಿದ್ದು ಮುಗಿದರೆ ಅದು ಮುಂಗಾಣ್ಕೆಯಲ್ಲ, ಕಥೆ. ಸಂದೇಶಗಳು ಕೂಡುದಾರಿಯಲ್ಲಿ ಕಿಕ್ಕಿರಿಯದೆ ಹರಿದರೆ ಮಾತ್ರ ಲೆಕ್ಕವು ಹೊತ್ತಿಗೆ ಮುಗಿಯುವುದು. ಹೊತ್ತಿಗೆ ಮುಗಿದರೆ ಮಾತ್ರ ಬೀಜದ ಮೂಟೆಯ ಮುಂದೆ ಕುಳಿತವನಿಗೆ ಅದು ತಲುಪುವುದು. ತೇರಿನ ಹಗ್ಗವನ್ನು ಹಿಡಿದವರು ಎಷ್ಟು ಮಂದಿಯಾದರೂ ಇರಲಿ, ದಾರಿಯಲ್ಲಿರುವ ಅನ್ನಂಭಟ್ಟನು ಬಂದು ಸೇರಿದಲ್ಲದೆ ಗಾಲಿಯು ಉರುಳದು.